ಸೆಬೆನ್ ಮುಂದಕ್ಕೆ ಬಂದದ್ದು ಪ್ಯಾರಿಸ್‌ನಲ್ಲಿ

ಕಾಂಗೋದ ಗೀಟಾರ್ ಸಂಗೀತ ಕಲಿಯಲು ಬರುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಮೇಲಿನ ಸ್ವರಗಳಲ್ಲಿ ಓಡುವ ಲೀಡ್ ಗೀಟಾರನ್ನು ಸ್ವಲ್ಪ ಹೊತ್ತು ಬಿಟ್ಟುಬಿಡಿ, ಅದರ ಕೆಳಗೆ ಒಂದೇ ಪುಟ್ಟ ಸ್ವರಗುಚ್ಛವನ್ನು ಬಿಡದೆ ತಿರುಗಿಸುತ್ತಿರುವ ಗೀಟಾರಿಗೆ ಕಿವಿ ಕೊಡಿ. ಕಾಂಗೋದ ರಾಜಧಾನಿ ಕಿನ್ಶಾಸಾದವರು ಅದನ್ನು ಮಿ-ಸೋಲೋ ಅನ್ನುತ್ತಾರೆ. ಒಂದು ಕಡೆ ಲೀಡ್, ಇನ್ನೊಂದು ಕಡೆ ರಿದಮ್, ನಡುವಿನ ಜಾಗ ಇದರದ್ದು. ಸಾಮಾನ್ಯವಾಗಿ ಇರುವುದು ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು): ಸಿ, ಎಫ್, ಜಿ, ಮತ್ತೆ ಎಫ್. ಸುಲಭ ಅನ್ನಿಸುತ್ತದೆ. ಹತ್ತು ನಿಮಿಷ ಲಯ ಅಲುಗದಂತೆ ನುಡಿಸಿ ಎಂದಾಗ ಬೆರಳಿಗೆ ಕಷ್ಟ ತಿಳಿಯುತ್ತದೆ. ಡಿಸ್ಟಾರ್ಷನ್ ಬೇಡ, ಟ್ರೆಬಲ್ ಏರಿರಲಿ, ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳಬೇಕು.

ಈ ಕೈಚಳಕದ ಮೂಲಕ್ಕೆ ಹೋದರೆ ಅಟ್ಲಾಂಟಿಕ್ ದಾಟಬೇಕು. 1930–40ರ ದಶಕಗಳಲ್ಲಿ ಜಿ.ವಿ. ಸರಣಿಯ ಕ್ಯೂಬಾದ ಗ್ರಾಮಫೋನ್ ಪ್ಲೇಟುಗಳು ಕಾಂಗೋ ನದಿಯ ಎರಡೂ ದಡ ತಲುಪಿದವು. ಗುಲಾಮರನ್ನು ತುಂಬಿದ ಹಡಗುಗಳಲ್ಲಿ ಕ್ಯೂಬಾ ಸೇರಿದ್ದ ಮಧ್ಯ ಆಫ್ರಿಕಾದ ಲಯಗಳು ಬೇರೆ ರೂಪದಲ್ಲಿ ಊರಿಗೆ ಮರಳಿದ್ದವು. ಅಲ್ಲಿ ಪಿಯಾನೋ ನುಡಿಸುತ್ತಿದ್ದ ಸುತ್ತುವರಸೆಗಳನ್ನು ಇಲ್ಲಿನವರು ಗೀಟಾರಿಗೆ ಇಳಿಸಿಕೊಂಡರು. ಹಾಡಿಗೆ ಎರಡು ಭಾಗವಾಯಿತು. ಮೊದಲು ನಿಧಾನದ ರುಂಬಾ, ಲಿಂಗಾಲ ಭಾಷೆಯ ಸಾಹಿತ್ಯ. ಆಮೇಲೆ ಗೀಟಾರುಗಳು ಮುನ್ನುಗ್ಗುವ, ಕೇಳುವವರು ಎದ್ದು ಕುಣಿಯುವ ಸೆಬೆನ್. 45 ಆರ್‌ಪಿಎಂ ಪ್ಲೇಟಿನಲ್ಲಿ ಸೆಬೆನ್‌ಗಾಗಿ ಎಷ್ಟೋ ಸಲ ಮಗ್ಗುಲು ಬದಲಿಸಬೇಕಿತ್ತು.

ಇದು ತಲೆಕೆಳಗಾದದ್ದು ಪ್ಯಾರಿಸ್‌ನಲ್ಲಿ. 1970ರ ದಶಕದ ನಡುವಿನಲ್ಲಿ ತಾಮ್ರದ ಬೆಲೆ ಕುಸಿದು, ಮೊಬುಟು ಆಳುತ್ತಿದ್ದ ಜಯೀರ್‌ನ (ಕಿನ್ಶಾಸಾ ರಾಜಧಾನಿಯಾದ ಕಾಂಗೋದ ಆಗಿನ ಹೆಸರು) ಆರ್ಥಿಕತೆ ನೆಲಕಚ್ಚಿತು. ಸಂಗೀತಗಾರರು ನೈರೋಬಿ, ಅಬಿಜಾನ್, ಬ್ರಸೆಲ್ಸ್, ಪ್ಯಾರಿಸ್ ಎಂದು ಚದುರಿದರು. ಕಾಂಗೋದ ಹೆಸರಾಂತ ಗೀಟಾರಿಸ್ಟ್, ಗಾಯಕ ಫ್ರಾಂಕೋ ಅವರ ಟಿಪಿ ಓಕೆ ಜಾಝ್‌ನಂಥ ತಂಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಇರುತ್ತಿದ್ದರು. ಪರದೇಶದಲ್ಲಿ ಅಷ್ಟು ಜನಕ್ಕೆ ವೀಸಾ, ಬಾಡಿಗೆ, ಊಟ ಹೊಂದಿಸುವುದು ಹೇಗೆ? ನಾಲ್ಕೈದು ಜನ, ಗಂಟೆ ಲೆಕ್ಕದ ಸ್ಟುಡಿಯೋ, ಡ್ರಮ್ ಮಷೀನು. ಎಷ್ಟೋ ಸಲ ಒಬ್ಬನೇ ಗೀಟಾರಿಸ್ಟ್ ಒಂದರ ಮೇಲೊಂದು ಟ್ರ್ಯಾಕ್‌ನಲ್ಲಿ ಎಲ್ಲ ಗೀಟಾರುಗಳನ್ನೂ ನುಡಿಸುತ್ತಿದ್ದ. 1979ರಲ್ಲಿ ಪ್ಯಾರಿಸಿಗೆ ಬಂದ ಗಾಯಕ ಕಾಂಡಾ ಬೊಂಗೋ ಮಾನ್ 1981ರ ‘ಇಯೋಲೆ’ ಆಲ್ಬಮ್‌ನಲ್ಲಿ ಡಿಬ್ಲೋ ಡಿಬಾಲಾ ಅವರ ಗೀಟಾರನ್ನು ಮುಂದಿಟ್ಟರು. ಹಾಡಿನ ಕೊನೆಯವರೆಗೆ ಕಾಯಿಸದೆ ಚರಣ ಚರಣದ ನಡುವೆಯೇ ಸೆಬೆನ್ ತಂದರು. ಕುಣಿಯಲು ಬಂದವರಲ್ಲಿ ಸೆನೆಗಲ್‌ನವರು, ಗ್ವಾಡಲೂಪ್‌ನವರು, ಫ್ರೆಂಚರು ಇದ್ದರು, ಅವರಿಗೆ ಲಿಂಗಾಲ ಬಾರದು. ಗೀಟಾರೇ ಮಾತಾಡಬೇಕಿತ್ತು. ಇದನ್ನು ಅಗ್ಗದ ಕುಣಿತದ ಸಂಗೀತ ಎಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕೈಯಲ್ಲಿದ್ದಷ್ಟರಲ್ಲೇ ಅವರು ಹೊಸ ವಿನ್ಯಾಸ ಕಟ್ಟಿದರು, ಅದೂ ಬೆರಗಾಗುವಷ್ಟು ಶುದ್ಧವಾಗಿ.

ಅದೇ ಸ್ಟುಡಿಯೋಗಳಲ್ಲಿ ಕೆರಿಬಿಯನ್ನಿನವರೂ ಇದ್ದರು. 1963ರಿಂದ ಸುಮಾರು ಎರಡು ದಶಕ ಫ್ರಾನ್ಸ್ ಸರ್ಕಾರವೇ ಗ್ವಾಡಲೂಪ್, ಮಾರ್ಟಿನಿಕ್‌ಗಳಿಂದ ಕೆಲಸಕ್ಕೆ ಜನರನ್ನು ಕರೆಸಿಕೊಂಡಿತ್ತು. 1979ರಲ್ಲಿ ಹುಟ್ಟಿದ ಕಸಾವ್ ತಂಡ ಗ್ವಾಡಲೂಪ್‌ನ ಗ್ವೋ ಕಾ ಡೋಲಿನ ಲಯಕ್ಕೆ ಸಿಂಥಸೈಜರ್ ಬೆರೆಸಿ ಝೂಕ್ ಕಟ್ಟಿತು. ತಂಡದ ಗೀಟಾರಿಸ್ಟ್ ಜಾಕೋಬ್ ಡೆವಾರಿಯೂ ಬಾಲ್ಯದ ಕೆಲಕಾಲ ಡಕಾರ್‌ನಲ್ಲಿದ್ದವರು. ಕೀಬೋರ್ಡಿನ ಜಾನ್-ಕ್ಲೋಡ್ ನೈಮ್ರೋ ಆಫ್ರಿಕಾದ ಸಂಗೀತಗಾರರಾದ ಮಿರಿಯಂ ಮಕೇಬಾ, ಮನು ದಿಬಾಂಗೊ ಅವರ ಜೊತೆ ನುಡಿಸಿದವರು. ಝೂಕ್ ಆಫ್ರಿಕಾಕ್ಕೂ ಹೋಯಿತು, ಅಂಗೋಲದ ಲುವಾಂಡಾದಲ್ಲಿ ಕಿಝೋಂಬಾ ಎಂಬ ಕುಣಿತದ ಸಂಗೀತ ಬೆಳೆಯಲು ನೆರವಾಯಿತು. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಗ್ವಾಡಲೂಪ್, ಮಾರ್ಟಿನಿಕ್‌ನವರು ಫ್ರೆಂಚ್ ಪ್ರಜೆಗಳು, ಕಾಂಗೋದವರಲ್ಲ. ವಲಸಿಗರ ಮೇಲೆ ಬಿಗಿ ಹಿಡಿದ 1986ರ ಪಾಸ್ಕ್ವಾ ಕಾನೂನು ಬಂದ ಮೇಲೆ ಪರದೇಶದವರಿಗೆ ಅಲ್ಲಿ ಉಳಿಯುವ ಕಾಗದಪತ್ರವೇ ದೊಡ್ಡ ಚಿಂತೆಯಾಯಿತು.

ಕಳೆದುಕೊಂಡದ್ದೂ ಇದೆ. ಫ್ರಾಂಕೋ 1985ರ ‘ಮಾರಿಯೋ’ದಲ್ಲಿ, ತನಗಿಂತ ಹಿರಿಯ ಹೆಂಗಸಿನ ದುಡ್ಡಿನಲ್ಲಿ ಬದುಕುವ ಓದಿದ ಹುಡುಗನೊಬ್ಬನನ್ನು ಸುಮಾರು 14 ನಿಮಿಷ ತರಾಟೆಗೆ ತೆಗೆದುಕೊಳ್ಳುತ್ತಾರೆ. ಅಂಥ ಕಥನಕ್ಕೆ ನಿಧಾನ ಬೇಕು. ಆತುರದ ಸೆಬೆನ್‌ನಲ್ಲಿ ಅದಕ್ಕೆ ಎಡೆಯಿಲ್ಲ. ಹಾಗಾಗಿ ಶಿಷ್ಯರಿಗೆ ಮೊದಲ ಭಾಗವನ್ನೂ ಪೂರ್ತಿ ಕಲಿಸುತ್ತೇನೆ, ಅವರು ಎಷ್ಟೇ ಅವಸರ ಮಾಡಿದರೂ.

ಪ್ಯಾರಿಸ್‌ನಲ್ಲಿದ್ದ ಕಾಂಗೋ ಸಂಗೀತಗಾರರಿಗೂ ಆ ನಿಧಾನದ ಹಂಬಲ ಉಳಿದಿತ್ತು. 1980ರ ದಶಕದಲ್ಲಿ ಲೆ ಕಾತ್ರ್ ಎತ್ವಾಲ್ ತಂಡದಲ್ಲಿ ಸೂಕೂಸ್ (ಪ್ಯಾರಿಸ್‌ನ ಈ ವೇಗದ ಶೈಲಿಯ ಹೆಸರು) ಕೊಟ್ಟ ನ್ಯೊಬೊಮಾ, ವುಟಾ ಮಾಯಿ ಮತ್ತು ಗೀಟಾರಿಸ್ಟ್ ಸಿರಾನ್ ಎಂಬೆಂಝಾ 2000ದಲ್ಲಿ ಕೆಕೆಲೆ ಎಂಬ ತಂಡ ಕಟ್ಟಿದವರಲ್ಲಿದ್ದರು. ಡ್ರಮ್ ಮಷೀನು ಹೋಯಿತು, ಅಕೂಸ್ಟಿಕ್ ಗೀಟಾರು ಬಂತು, ಹಳೆಯ ರುಂಬಾದ ನಿಧಾನ ಮರಳಿತು. 2006ರಲ್ಲಿ ಅವರು ಕ್ಯೂಬಾದ ಗೀಯೆರ್ಮೋ ಪೋರ್ತಾಬಾಲೆಸ್ ಅವರ ಹಾಡುಗಳನ್ನು ಎತ್ತಿಕೊಂಡು ಲಿಂಗಾಲದಲ್ಲಿ ಹಾಡಿದರು. ಸೂಕೂಸ್ ಮಾತ್ರ ಕೇಳಿದವರು ಸಿರಾನ್ ಅಲ್ಲಿ ನುಡಿಸಿರುವುದನ್ನು ಕೇಳಲೇಬೇಕು. ಅವರ ಕೈಚಳಕ ಎಷ್ಟು ದೊಡ್ಡದೆಂದು ಗೊತ್ತಾಗುವುದು ಆ ನಿಧಾನದಲ್ಲೇ.