ಕಾರಿಗೆ ಪಾಲಿಶ್ ತಿಂಗಳಿಗೆ ಎಷ್ಟು ಸಲ ಹಚ್ಚಬೇಕು?

ಪ್ರಶ್ನೆ: ಕಾರು ತೊಗೊಂಡು ಮೂರು ವರ್ಷ ಆಯ್ತು. ಬಿಸಿಲಲ್ಲಿ ನೋಡಿದರೆ ಬಾನೆಟ್ ತುಂಬ ಜೇಡರಬಲೆಯಂಥ ಗೀರುಗಳು. ಮೊದಲ ಸಲ ನಾನೇ ಪಾಲಿಶ್ ಹಚ್ಚೋಣ ಅಂತಿದ್ದೀನಿ. ತಿಂಗಳಿಗೆ ಎಷ್ಟು ಸಲ ಹಚ್ಚಿದರೆ ಗೀರು ಮುಚ್ಚಿಕೊಳ್ಳುತ್ತೆ?

ಉತ್ತರ: ತಿಂಗಳಿಗೆ ಒಂದು ಸಲವೂ ಬೇಡ. ಚೆನ್ನಾಗಿ ನೋಡಿಕೊಂಡ ಕಾರಿಗೆ ವರ್ಷಕ್ಕೆ ಒಂದು ಸಲವೂ ಬೇಕಾಗುವುದಿಲ್ಲ.

ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ಬುಡದಿಂದಲೇ ಹೇಳುತ್ತೇನೆ. ಏಕೆಂದರೆ ತೊಂದರೆ ಇರುವುದು ‘ಎಷ್ಟು ಸಲ’ ಅನ್ನುವುದರಲ್ಲಿ ಅಲ್ಲ. ‘ಹಚ್ಚುವುದು’, ‘ಮುಚ್ಚಿಕೊಳ್ಳುವುದು’ ಅನ್ನುವ ಎರಡು ಮಾತುಗಳಲ್ಲಿ.

ಪಾಲಿಶ್ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಶೂ ಪಾಲಿಶ್. ಡಬ್ಬಿಯಿಂದ ತೆಗೆದು ಹಚ್ಚುತ್ತೇವೆ, ತರಚಿದ ಜಾಗ ಮುಚ್ಚುತ್ತದೆ, ಮೇಲೆ ಹೊಳಪು ಬರುತ್ತದೆ. ಆದರೆ ಆ ಡಬ್ಬಿಯಲ್ಲಿ ಇರುವುದು ಮುಖ್ಯವಾಗಿ ಮೇಣ ಮತ್ತು ಬಣ್ಣ. ಹೆಸರು ಮಾತ್ರ ಪಾಲಿಶ್. ಕಾರಿನ ಪಾಲಿಶ್ ಅರ್ಥ ಆಗಬೇಕಾದರೆ ಮೊಸಾಯಿಕ್ ನೆಲಕ್ಕೆ ಪಾಲಿಶ್ ಮಾಡುವುದನ್ನು ನೆನಪಿಸಿಕೊಳ್ಳಿ. ಮಿಷನ್ ತಿರುಗುತ್ತದೆ, ನೀರಿನ ಜೊತೆ ರಾಡಿ ಹರಿಯುತ್ತದೆ. ಆ ರಾಡಿ ಏನು? ಸವೆದು ಬಂದ ನೆಲ. ಅಲ್ಲಿ ಯಾರೂ ಏನನ್ನೂ ‘ಹಚ್ಚುವುದಿಲ್ಲ’. ಕಾರಿನ ಪಾಲಿಶ್ ಕೂಡ ಹಾಗೆಯೇ. ಅದು ಸಾಣೆ ಹಿಡಿಯುವ ಕೆಲಸ. ಆ ಬಾಟಲಿಯಲ್ಲಿ ಇರುವುದು ತುಂಬಾ ನುಣ್ಣನೆಯ ಗಟ್ಟಿ ಪುಡಿ, ಹೆಚ್ಚಾಗಿ ಅಲ್ಯುಮಿನಿಯಂ ಆಕ್ಸೈಡ್, ದ್ರವದಲ್ಲಿ ಕಲಸಿದ್ದು.

ಸವೆಯುವುದು ಯಾವುದು? ಈಗಿನ ಕಾರಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ನಾಲ್ಕೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಕ್ಲಿಯರ್ ಕೋಟ್ ಒಂದೇ ಹೆಚ್ಚುಕಡಿಮೆ 35ರಿಂದ 50 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದರೆ ಅಂದಾಜು ಸಿಗುತ್ತದೆ. ಬಿಸಿಲು, ಮಳೆ, ಹಕ್ಕಿ ಹಿಕ್ಕೆ ಎಲ್ಲವನ್ನೂ ತಡೆದುಕೊಂಡು ನಿಂತಿರುವುದು ಒಂದು ಕೂದಲಿನಷ್ಟೂ ದಪ್ಪ ಇಲ್ಲದ ಆ ಪದರ. ಪ್ರತಿ ಸಲ ಪಾಲಿಶ್ ಮಾಡಿದಾಗಲೂ ಅದರಲ್ಲಿ ಚೂರು ಹೋಗುತ್ತದೆ. ಹೋದದ್ದು ಮತ್ತೆ ಬೆಳೆಯುವುದಿಲ್ಲ.

ಗೀರು ಅಂದರೆ ಆ ಪದರದಲ್ಲಿ ಬಿದ್ದ ಸಣ್ಣ ಕಾಲುವೆ. ಪಾಲಿಶ್ ಕಾಲುವೆಯನ್ನು ತುಂಬುವುದಿಲ್ಲ. ಅದರ ಎರಡೂ ದಡಗಳನ್ನು ತಳದ ಮಟ್ಟಕ್ಕೆ ತರುತ್ತದೆ. ಅಂದರೆ ಗೀರು ಹೋಗಬೇಕಾದರೆ ಸುತ್ತಲಿನ ಕ್ಲಿಯರ್ ಕೋಟ್ ಗೀರಿನ ಆಳಕ್ಕೆ ಇಳಿಯಬೇಕು. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಪಾಲಿಶ್‌ನಿಂದ ಪೂರ್ತಿ ತೆಗೆಯಲು ಹೋಗಬಾರದು ಅನ್ನುವುದು ಇದಕ್ಕೇ.

ಇಲ್ಲಿಗೆ ಬಂದಾಗ ಎರಡು ಆಕ್ಷೇಪ ಬಂದೇ ಬರುತ್ತವೆ.

ಒಂದು: “ನಾನು ಹಚ್ಚಿದ ದಿನ ಗೀರು ನಿಜವಾಗಲೂ ಮಾಯ ಆಗಿತ್ತಲ್ಲ?” ಆಗಿರುತ್ತದೆ. ಎಷ್ಟೋ ಪಾಲಿಶ್‌ಗಳಲ್ಲಿ ಎಣ್ಣೆಯ ಅಂಶ ಇರುತ್ತದೆ. ಕೆಲವದರಲ್ಲಿ ಗೀರಿನೊಳಗೆ ಕೂರುವ ತುಂಬುಪದಾರ್ಥವೂ ಇರುತ್ತದೆ. ಅವು ಕಾಲುವೆಯಲ್ಲಿ ಕೂತಿರುವಷ್ಟು ದಿನ ಗೀರು ಕಾಣುವುದಿಲ್ಲ. ನಾಲ್ಕಾರು ಸಲ ಶಾಂಪೂ ಹಾಕಿ ತೊಳೆದರೆ ಅವು ಹೋಗುತ್ತವೆ, ಗೀರು ವಾಪಸ್ ಬರುತ್ತದೆ. ಆಗ ಜನ ‘ಪಾಲಿಶ್ ಹೋಯಿತು, ಮತ್ತೆ ಹಚ್ಚಬೇಕು’ ಅಂದುಕೊಳ್ಳುತ್ತಾರೆ. ತಿಂಗಳ ಲೆಕ್ಕ ಶುರುವಾಗುವುದು ಇಲ್ಲಿಂದ.

ಎರಡು: “ಉಜ್ಜಿದ ಬಟ್ಟೆಗೆ ಕಾರಿನ ಬಣ್ಣ ಹತ್ತಲಿಲ್ಲ. ಹಾಗಾದರೆ ಏನೂ ಕಿತ್ತು ಬಂದಿಲ್ಲ ಅಲ್ವಾ?” ಸವೆದದ್ದಕ್ಕೆ ಬಣ್ಣವೇ ಇಲ್ಲ, ಬಟ್ಟೆಗೆ ಏನು ಹತ್ತಬೇಕು? ಕ್ಲಿಯರ್ ಕೋಟ್ ಇಲ್ಲದ ಹಳೆಯ ಕಾರುಗಳಲ್ಲಿ ಕೆಂಪು ಕಾರಿಗೆ ಕೆಂಪು ಬಟ್ಟೆ ಆಗುತ್ತಿತ್ತು. ಆಗ ಯಾರಿಗೂ ಹೇಳಿಕೊಡಬೇಕಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಈಗಿನ ಕಾರಿನಲ್ಲಿ ಬಟ್ಟೆಗೆ ಬಣ್ಣ ಬಂದರೆ ಕ್ಲಿಯರ್ ಕೋಟ್ ಅಲ್ಲಿ ಮುಗಿದಿರುವ ಸಂಭವವೇ ಜಾಸ್ತಿ. ತಕ್ಷಣ ಕೈ ತೆಗೆಯಿರಿ.

ನನಗೆ ಗೊತ್ತಿರುವ ಒಬ್ಬರು ತಮ್ಮ ಕಾರನ್ನು ತುಂಬಾ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಬಿಡದೆ ಪಾಲಿಶ್ ಮಾಡುತ್ತಿದ್ದರು. ಕೆಲವು ವರ್ಷಗಳಲ್ಲಿ ಬಾನೆಟ್ಟಿನ ಅಂಚಿನಲ್ಲಿ ಕ್ಲಿಯರ್ ಕೋಟ್ ಬಿಳಿಚಿ, ಪೊರೆಯಂತೆ ಏಳತೊಡಗಿತು. ಅದಕ್ಕೆ ಮತ್ತೆ ಪೇಂಟ್ ಹೊಡೆಸುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಅಸಡ್ಡೆಯಿಂದ ಹಾಳಾಗಿದ್ದರೆ ನನಗೆ ಅಷ್ಟು ಬೇಸರ ಆಗುತ್ತಿರಲಿಲ್ಲ. ಪ್ರೀತಿಯಿಂದಲೇ ಹಾಳಾಯಿತು.

ಹಾಗಾದರೆ ಪದೇ ಪದೇ ಹಚ್ಚಬೇಕಾದ್ದು ಏನು? ವ್ಯಾಕ್ಸ್, ಅಂದರೆ ಮೇಣ. ಇಲ್ಲವೇ ಸೀಲೆಂಟ್, ಅಂದರೆ ಮೇಣದ ಬದಲು ಹಚ್ಚುವ ಕೃತಕ ಲೇಪ. ಇವು ನಿಜಕ್ಕೂ ಮೇಲೆ ಕೂರುವ ಪದರ. ಕಾಲ ಕಳೆದಂತೆ ಹೋಗುತ್ತವೆ, ಮತ್ತೆ ಹಚ್ಚಬಹುದು. ಪಾಲಿಶ್ ತೆಗೆಯುತ್ತದೆ, ವ್ಯಾಕ್ಸ್ ಕೂರುತ್ತದೆ. ಒಂದೇ ಬಾಟಲಿಯ ಮೇಲೆ ಎರಡೂ ಪದ ಅಚ್ಚಾಗಿದ್ದರೆ ಅದರಲ್ಲಿ ಉಜ್ಜುವ ಪುಡಿಯೂ ಇದೆಯೋ ಎಂದು ಹಿಂಬದಿಯ ಚೀಟಿ ಓದಿ ನೋಡಿ.

ಈಗ ನಿಮ್ಮ ಮೊದಲ ಸಲದ ಕೆಲಸ. ನೆರಳಲ್ಲಿ ನಿಲ್ಲಿಸಿ, ತಗಡು ತಣ್ಣಗಿರಲಿ. ಮೊದಲು ಬರೀ ನೀರು ಹಾಯಿಸಿ ಮಣ್ಣು ಇಳಿಸಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೇಲಿನಿಂದ ಕೆಳಗೆ ಬನ್ನಿ. ಚಕ್ರ ಒರೆಸಿದ ಬಟ್ಟೆಯನ್ನು ಕಾರಿನ ಮೈಗೆ ತಾಗಿಸಲೇಬೇಡಿ. ನಿಮ್ಮ ಜೇಡರಬಲೆ ಹುಟ್ಟಿದ್ದು ಹೆಚ್ಚಾಗಿ ಒರೆಸುವುದರಿಂದಲೇ. ಧೂಳು ಕೂತ ಕಾರನ್ನು ಬೆಳಗ್ಗೆ ಎದ್ದು ಒಣಬಟ್ಟೆಯಿಂದ ಒರೆಸುವುದು ಉಪ್ಪುಕಾಗದದಿಂದ ಮೆಲ್ಲಗೆ ಸವರಿದ ಹಾಗೆ. ಆ ಗೀರುಗಳು ಸುತ್ತಿಕೊಂಡಿಲ್ಲ, ಎಲ್ಲ ದಿಕ್ಕಿಗೂ ನೇರವಾಗಿ ಬಿದ್ದಿವೆ. ಬೆಳಕಿಗೆ ಅಡ್ಡವಾಗಿ ಇರುವವು ಮಾತ್ರ ಮಿನುಗುತ್ತವೆ, ಅದಕ್ಕೇ ಬಲೆಯಂತೆ ಕಾಣುತ್ತವೆ. ಟಾರ್ಚ್ ಹಿಡಿದು ಅತ್ತಿತ್ತ ಸರಿಸಿ ನೋಡಿ. ಬಲೆಯೂ ಬೆಳಕಿನ ಜೊತೆ ಸರಿಯುತ್ತದೆ. ಇದನ್ನು ತೋರಿಸಿದಾಗ ಕಲಿಯುವವರ ಮುಖ ಅರಳುತ್ತದಲ್ಲ, ಅದು ನನಗೆ ಯಾವತ್ತೂ ಖುಷಿ.

ತೊಳೆದು ಒರೆಸಿದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಸವರಿ. ಮರಳು ಮರಳು ಅನ್ನಿಸಿದರೆ ಕ್ಲೇ ಬೇಕು, ಅಂದರೆ ಪೇಂಟಿಗೆ ಅಂಟಿಕೊಂಡ ಕೊಳೆಯನ್ನು ಎತ್ತುವ ಜೇಡಿಮಣ್ಣಿನಂಥ ಮೆತ್ತನೆಯ ಮುದ್ದೆ. ಅದಕ್ಕೆ ಜಾರುವ ದ್ರವ ಧಾರಾಳವಾಗಿ ಸಿಂಪಡಿಸಿ, ಒತ್ತದೆ ಓಡಿಸಿ. ಕ್ಲೇ ನೆಲಕ್ಕೆ ಬಿದ್ದರೆ ಎತ್ತಿಕೊಳ್ಳಬೇಡಿ, ಎಸೆಯಿರಿ.

ಪಾಲಿಶ್ ಮಾಡುವಾಗ ಇಡೀ ಕಾರಿನ ಮೇಲೆ ಬೀಳಬೇಡಿ. ಒಂದೂವರೆ ಅಡಿ ಚೌಕದ ಜಾಗ ಆರಿಸಿ, ಇರುವುದರಲ್ಲೇ ನುಣ್ಣನೆಯ ಪಾಲಿಶ್ ಮತ್ತು ಮೆತ್ತನೆಯ ಪ್ಯಾಡ್‌ನಿಂದ ಶುರು ಮಾಡಿ. ಸಾಕಾದರೆ ಅಲ್ಲಿಗೇ ನಿಲ್ಲಿಸಿ. ಸಾಕಾಗದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟಾದದ್ದು. ಮಿಷನ್ ತರುವುದಾದರೆ ಡ್ಯುಯಲ್ ಆ್ಯಕ್ಷನ್ ತನ್ನಿ. ಅದು ತಿರುಗುತ್ತಾ ಅಲುಗಾಡುವುದರಿಂದ ಒಂದೇ ಕಡೆ ಬಿಸಿ ಏರುವುದು ಕಡಿಮೆ. ಬರೀ ತಿರುಗುವ ರೋಟರಿ ಮೊದಲ ಸಲಕ್ಕೆ ಬೇಡ. ಅಂಚುಗಳಿಗೆ, ಬಾಡಿಯ ಏಣುಗಳಿಗೆ ಟೇಪ್ ಅಂಟಿಸಿ. ಅಲ್ಲಿ ಪೇಂಟ್ ತೆಳು, ಮಿಷನ್ನಿನ ಒತ್ತಡ ಜಾಸ್ತಿ. ಮುಗಿದ ಮೇಲೆ ಎಣ್ಣೆ ತೆಗೆಯುವ ದ್ರವದಿಂದ ಒರೆಸಿ ಟಾರ್ಚ್ ಬಿಟ್ಟು ನೋಡಿ, ಆಗ ಕಾಣುವುದೇ ನಿಜವಾದ ಫಲ. ನೂರಕ್ಕೆ ನೂರು ಗೀರು ಹೋಗಬೇಕೆಂದು ಹಟ ಹಿಡಿಯಬೇಡಿ. ಮುಕ್ಕಾಲು ಭಾಗ ಹೋದರೆ ಕಾರು ಬೇರೆಯೇ ಕಾಣುತ್ತದೆ. ಆಮೇಲೆ ವ್ಯಾಕ್ಸ್, ತೆಳ್ಳಗೆ.

ನೀವು ಕೇಳಿಲ್ಲ, ಆದರೂ ಹೆಡ್‌ಲೈಟಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಾಲಿಶ್ ಕೈಗೆ ಬಂದ ಮೇಲೆ ಹಳದಿಯಾದ ಹೆಡ್‌ಲೈಟಿನ ಕಡೆ ಕಣ್ಣು ಹೋಗುತ್ತದೆ, ಯಾರೋ ಟೂತ್‌ಪೇಸ್ಟ್ ಹೇಳಿಕೊಡುತ್ತಾರೆ. ಟೂತ್‌ಪೇಸ್ಟ್‌ನಲ್ಲೂ ಉಜ್ಜುವ ಪುಡಿ ಇದೆ, ಹಾಗಾಗಿ ಸ್ವಲ್ಪ ತಿಳಿಯಾಗುವುದು ನಿಜ. ಆದರೆ ಆ ಗಾಜು ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬಿಸಿಲಿನ ಯುವಿ ಕಿರಣ ತಡೆಯಲು ಕಾರ್ಖಾನೆಯಲ್ಲೇ ಅದರ ಮೇಲೆ ಗಟ್ಟಿ ಪದರ ಕೊಟ್ಟಿರುತ್ತಾರೆ. ಹಳದಿ ತೆಗೆಯುವಾಗ ಅಳಿದುಳಿದ ಆ ಪದರವೂ ಹೋಗುತ್ತದೆ. ಬರೀ ಪ್ಲಾಸ್ಟಿಕ್ಕನ್ನು ಬಿಸಿಲಿಗೆ ಒಡ್ಡಿದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಆದ್ದರಿಂದ ಹೆಡ್‌ಲೈಟ್ ಉಜ್ಜುವ ಮೊದಲೇ ಯುವಿ ತಡೆಯುವ ಕೋಟಿಂಗ್ ತಂದಿಟ್ಟುಕೊಳ್ಳಿ, ಉಜ್ಜಿ ಒಣಗಿದ ದಿನವೇ ಅದನ್ನು ಹಾಕಿ. ಹೊರಗೆ ನುಣ್ಣಗಿದ್ದು ಒಳಗೆ ಹನಿ ಕಟ್ಟಿ ಮಂಕಾಗಿದ್ದರೆ ಉಜ್ಜಲೇಬೇಡಿ. ಅದು ಹವೆ ಆಡುವ ರಂಧ್ರದ ಅಥವಾ ಸೀಲಿನ ತೊಂದರೆ.