ಉರಿಯೋ, ಇರಿತವೋ, ಸೆಳೆತವೋ

“ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟಮ್ಮ?” ಎಂದು ನರ್ಸ್ ಕೇಳಿದಾಗ ಅಮ್ಮ ತುಸು ಹೊತ್ತು ಸುಮ್ಮನಿದ್ದರು. ಇಪ್ಪತ್ತು ವರ್ಷಗಳ ಸಕ್ಕರೆ ಕಾಯಿಲೆ ಅವರದು. ಆಮೇಲೆ ಹೇಳಿದರು: “ನೋವಲ್ಲಮ್ಮಾ, ಉರಿ. ಕೆಂಡದ ಮೇಲೆ ಅಂಗಾಲು ಇಟ್ಟ ಹಾಗೆ. ರಾತ್ರಿ ಹೊದಿಕೆ ತಾಗಿದರೂ ತಡೆಯಲಾಗದು.” ನರ್ಸ್ ಚೀಟಿಯಲ್ಲಿ 7 ಎಂದು ಬರೆದುಕೊಂಡರು.

ಆ ಅಂಕಿಗೂ ಬೆಲೆಯಿದೆ. ನಿನ್ನೆ 7 ಎಂದವರು ಔಷಧ ತೆಗೆದುಕೊಂಡು ಇಂದು 4 ಎಂದರೆ ಗುಣ ಕಾಣುತ್ತಿದೆ ಎಂದರ್ಥ. ಆದರೆ ಅಮ್ಮನ 7 ಮತ್ತು ಪಕ್ಕದ ಹಾಸಿಗೆಯವರ 7 ಒಂದೇ ಎನ್ನಲು ಯಾವ ಆಧಾರವೂ ಇಲ್ಲ.

ಜ್ವರಕ್ಕೆ ಥರ್ಮಾಮೀಟರ್ ಇರುವಂತೆ ನೋವಿಗೂ ಒಂದು ಮಾಪಕವನ್ನು ಕಂಡುಹಿಡಿಯಲು ಹೊರಟವರಿದ್ದರು. 1940ರಲ್ಲಿ ನ್ಯೂಯಾರ್ಕಿನಲ್ಲಿ ಜೇಮ್ಸ್ ಹಾರ್ಡಿ, ಹೆರಾಲ್ಡ್ ವುಲ್ಫ್, ಹೆಲೆನ್ ಗುಡೆಲ್ ಎಂಬ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಹಣೆಗೇ ಕಪ್ಪು ಮಸಿ ಬಳಿದುಕೊಂಡರು. ಪ್ರಖರ ದೀಪದ ಬೆಳಕನ್ನು ಮಸೂರದ ಮೂಲಕ ಆ ಜಾಗಕ್ಕೆ ಬೀಳಿಸಿ, ಎಷ್ಟು ಕಾವಿಗೆ ಚುರುಕ್ ಎನ್ನುತ್ತದೆ ಎಂದು ಅಳೆದರು. ನೋವಿಗೆ ‘ಡಾಲ್’ ಎಂಬ ಮಾನವೂ ಹುಟ್ಟಿತು. ಹತ್ತೂವರೆ ಡಾಲ್ ಅದರ ತುತ್ತತುದಿ. 1948ರ ಹೊತ್ತಿಗೆ ಈ ಪ್ರಯೋಗ ಹೆರಿಗೆ ಕೋಣೆಯನ್ನೂ ಹೊಕ್ಕಿತು. ಬೇನೆ ತಿನ್ನುತ್ತಿದ್ದ ಹೆಂಗಸರ ಕೈಗೆ, ಒಂದು ಬೇನೆ ಇಳಿದು ಇನ್ನೊಂದು ಏರುವ ಬಿಡುವಿನಲ್ಲಿ ಕಾವು ತಾಗಿಸಿ, “ಇದು ಹೆಚ್ಚೋ, ಅದು ಹೆಚ್ಚೋ?” ಎಂದು ಕೇಳಿದರು. ಸುಟ್ಟ ಗಾಯವಾದದ್ದೂ ಉಂಟು. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇಷ್ಟೆಲ್ಲ ಮಾಡಿದರೂ ಬೇರೆ ಪ್ರಯೋಗಾಲಯಗಳಲ್ಲಿ ಅದೇ ಫಲಿತಾಂಶ ಬರಲಿಲ್ಲ. ಡಾಲ್ ಮೂಲೆ ಸೇರಿತು.

ಗಾಯದ ಅಳತೆಯೇ ನೋವಿನ ಅಳತೆ ಎಂಬ ನಂಬಿಕೆಯೂ ಆ ಕಾಲದಲ್ಲೇ ಅಲುಗಾಡಿತ್ತು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿದ್ದ ಅಮೆರಿಕದ ವೈದ್ಯ ಹೆನ್ರಿ ಬೀಚರ್, ತೀವ್ರವಾಗಿ ಗಾಯಗೊಂಡ ಸೈನಿಕರನ್ನು ವಿಚಾರಿಸಿದರೆ ಬಹುಪಾಲು ಮಂದಿ ನೋವಿಗೆ ಮದ್ದು ಬೇಡವೆಂದರು. ಜೀವಸಹಿತ ಯುದ್ಧದಿಂದ ಪಾರಾದೆವೆಂಬ ಸಮಾಧಾನ ಅವರ ನೋವನ್ನು ತಗ್ಗಿಸಿರಬೇಕು ಎಂದು ಬೀಚರ್ ಊಹಿಸಿದರು.

ಹಾಗಾದರೆ ನೊಂದವರನ್ನೇ ಕೇಳಬೇಕು. ಆದರೆ ‘ಎಷ್ಟು’ ಎಂದಷ್ಟೇ ಅಲ್ಲ, ‘ಎಂಥದು’ ಎಂದು. ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ ಹಿಡಿದದ್ದು ಈ ದಾರಿ. ಕತ್ತರಿಸಿ ತೆಗೆದ ಕಾಲಿನಲ್ಲೂ ನೋವುಣ್ಣುತ್ತಿದ್ದ ಒಬ್ಬ ವೃದ್ಧೆಯ ಮಾತುಗಳನ್ನು ಬರೆದಿಟ್ಟುಕೊಳ್ಳುತ್ತ ಅವರು ನೋವಿನ ಪದಗಳನ್ನು ಕೂಡಿಹಾಕತೊಡಗಿದರು. 1975ರಲ್ಲಿ ಅವರು ಪ್ರಕಟಿಸಿದ ಮೆಕ್‌ಗಿಲ್ ಪ್ರಶ್ನಾವಳಿಯಲ್ಲಿ 20 ಗುಂಪುಗಳಲ್ಲಿ 78 ಪದಗಳಿವೆ.

ಪದಕ್ಕೇಕೆ ಇಷ್ಟು ತೂಕ? ಹೊಸ್ತಿಲಿಗೆ ಕಾಲ್ಬೆರಳು ಎಡವಿದ ಕ್ಷಣವನ್ನು ನೆನಪಿಸಿಕೊಳ್ಳಿ. ಮೊದಲು ಚುರ್ರೆಂದು ಒಂದು ಇರಿತ. ಒಂದು ಉಸಿರಿನ ಬಳಿಕ ಮೆಲ್ಲನೆ ಹರಡುವ ಉರಿ. ಪೆಟ್ಟು ಒಂದೇ, ಸುದ್ದಿ ತರುವ ನರತಂತುಗಳು ಎರಡು ಬಗೆ. ಎ-ಡೆಲ್ಟಾ ತಂತುಗಳು ಸೆಕೆಂಡಿಗೆ ಹತ್ತಿಪ್ಪತ್ತು ಮೀಟರ್ ಓಡಿದರೆ, ಇನ್ನೂ ಸಪೂರವಾದ ಸಿ ತಂತುಗಳದು ಸುಮಾರು ಒಂದು ಮೀಟರಿನ ನಡಿಗೆ. ಉರಿ ತರುವವರು ಹೆಚ್ಚಾಗಿ ಇವರೇ. ಸಕ್ಕರೆ ಕಾಯಿಲೆಯಿಂದ ಕೆಟ್ಟ ಸಪೂರ ತಂತುಗಳು ಕಾಲಿಗೇನೂ ಆಗದಿದ್ದರೂ ಸುದ್ದಿ ಕಳಿಸುತ್ತಲೇ ಇರುತ್ತವೆ.

ಕನ್ನಡದಲ್ಲಿ ಇಂಥ ಪದಗಳಿಗೆ ಬರವೇ ಇಲ್ಲ. ತಲೆ ಸಿಡಿಯುತ್ತದೆ, ಹಲ್ಲು ಜುಮ್ಮೆನ್ನುತ್ತದೆ, ಹೊಟ್ಟೆ ಹಿಂಡುತ್ತದೆ, ಮೀನಖಂಡ ಸೆಳೆಯುತ್ತದೆ, ಎದೆ ಬಿಗಿಯುತ್ತದೆ. ಹಿಂಡಿ ಬಿಟ್ಟು, ಮತ್ತೆ ಹಿಂಡುವ ಹೊಟ್ಟೆನೋವು ಎಂದ ಕೂಡಲೇ ವೈದ್ಯರ ಗಮನ ಕರುಳು, ಪಿತ್ತಕೋಶ, ಮೂತ್ರನಾಳಗಳ ಕಡೆಗೆ ಹರಿಯುತ್ತದೆ. ಇವನ್ನೆಲ್ಲ ‘ನೋವು’ ಎಂಬ ಒಂದೇ ಖಾನೆಗೆ ತುಂಬಿದರೆ ರೋಗಿ ಕೈಗಿತ್ತ ಸುಳಿವನ್ನು ನಾವೇ ಚೆಲ್ಲಿದಂತೆ.

ಅಂದು ಒಳಗಿದ್ದ ವೈದ್ಯೆ ಚೀಟಿಯನ್ನು ಪಕ್ಕಕ್ಕಿಟ್ಟು, “ಉರಿ ಎಲ್ಲಿಂದ ಶುರುವಾಗುತ್ತದೆ?” ಎಂದು ಕೇಳಿದರು. ಅಮ್ಮ ಬೆರಳ ತುದಿಗಳನ್ನು ತೋರಿಸಿದರು. ವೈದ್ಯೆ ಟ್ಯೂನಿಂಗ್ ಫೋರ್ಕನ್ನು ಮೀಟಿ ಅಮ್ಮನ ಹೆಬ್ಬೆರಳ ಮೇಲಿಟ್ಟರು. ಅದು ಗುಂಯ್‌ಗುಡುವುದು ಪಕ್ಕದಲ್ಲಿ ನಿಂತ ನನಗೂ ಕೇಳಿಸುತ್ತಿತ್ತು. ಹೊದಿಕೆ ತಾಗಿದರೂ ಸಹಿಸದ ಆ ಕಾಲಿಗೆ ಕಂಪನ ಗೊತ್ತಾಗಲೇ ಇಲ್ಲ. “ಇಟ್ಟಿದ್ದೀರಾ?” ಎಂದು ಅಮ್ಮ ಕೇಳಿದರು.