ಪದ ಪರಿಚಯ: ಡೊಮಿನಿಯನ್

ಬ್ರಿಟಿಷ್ ದೊರೆಯನ್ನು ರಾಜ್ಯದ ಮುಖ್ಯಸ್ಥನೆಂದು ಒಪ್ಪಿಕೊಂಡೇ, ಒಳಾಡಳಿತದಲ್ಲಿಯೂ ವಿದೇಶ ವ್ಯವಹಾರದಲ್ಲಿಯೂ ತನ್ನ ಇಚ್ಛೆಯಂತೆ ನಡೆದುಕೊಳ್ಳುವ ಸ್ವತಂತ್ರ ದೇಶವನ್ನು ಡೊಮಿನಿಯನ್ ಎಂದು ಕರೆಯುತ್ತಿದ್ದರು. ಕನ್ನಡದಲ್ಲಿ ಇದಕ್ಕೆ ಅಧಿರಾಜ್ಯ ಎಂಬ ಪದವೂ ಬಳಕೆಯಲ್ಲಿದೆ. 1947ರ ಆಗಸ್ಟ್ 15ರಿಂದ 1950ರ ಜನವರಿ 26ರವರೆಗೆ ಭಾರತಕ್ಕೆ ಕಾನೂನಿನ ಪ್ರಕಾರ ಇದ್ದ ಸ್ಥಾನ ಇದೇ. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನ ಎರಡನ್ನೂ ನಾವು ಸಂಭ್ರಮದಿಂದ ಆಚರಿಸುತ್ತೇವೆ. ಆದರೆ ಅವೆರಡರ ನಡುವಣ ಸುಮಾರು ಎರಡೂವರೆ ವರ್ಷ ದೇಶ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಯಾರೂ ಅಷ್ಟಾಗಿ ವಿವರಿಸುವುದಿಲ್ಲ. ಸಂಸ್ಥಾನಗಳು ದೇಶದೊಳಗೆ ಸೇರಿದ್ದು, ಸೇನೆಯ ನಾಯಕತ್ವ ಕೈಬದಲಾದದ್ದು, ಸಂವಿಧಾನ ಸಿದ್ಧವಾದದ್ದು ಆ ಅವಧಿಯಲ್ಲಿಯೇ ಆದ್ದರಿಂದ ಅದನ್ನು ತಿಳಿಯದೆ ಬಿಡುವುದು ಸರಿಯಲ್ಲ.

ಈ ಪರಿಕಲ್ಪನೆ ರೂಪುಗೊಂಡದ್ದು ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಮೊದಲಾದ ದೇಶಗಳ ಸಲುವಾಗಿ. ಡೊಮಿನಿಯನ್‌ಗಳು ಬ್ರಿಟನ್ನಿಗೆ ಅಧೀನವಲ್ಲ, ಅದಕ್ಕೆ ಸಮಾನ ಎಂದು 1926ರ ಸಾಮ್ರಾಜ್ಯ ಸಮ್ಮೇಳನ ಘೋಷಿಸಿತು. 1931ರ ವೆಸ್ಟ್‌ಮಿನ್‌ಸ್ಟರ್ ಶಾಸನ ಆ ಮಾತಿಗೆ ಕಾನೂನಿನ ಬಲ ಕೊಟ್ಟಿತು.

ಭಾರತದ ರಾಷ್ಟ್ರೀಯ ಚಳವಳಿಗೆ ಈ ಪದದೊಂದಿಗೆ ಇದ್ದ ಸಂಬಂಧ ಸರಳವಾದುದಲ್ಲ. 1928ರಲ್ಲಿ ಮೋತಿಲಾಲ್ ನೆಹರೂ ಅವರ ಅಧ್ಯಕ್ಷತೆಯ ಸಮಿತಿ ಡೊಮಿನಿಯನ್ ಸ್ಥಾನಮಾನವನ್ನೇ ಬೇಡಿಕೆಯಾಗಿ ಮುಂದಿಟ್ಟಾಗ, ಅವರ ಮಗ ಜವಾಹರಲಾಲ್ ಮತ್ತು ಸುಭಾಷ್‌ಚಂದ್ರ ಬೋಸ್ ಅದನ್ನು ಬಲವಾಗಿ ವಿರೋಧಿಸಿದರು. ಮರುವರ್ಷದ ಡಿಸೆಂಬರ್‌ನಲ್ಲಿ ಕಾಂಗ್ರೆಸ್ಸಿನ ಲಾಹೋರ್ ಅಧಿವೇಶನ ಪೂರ್ಣ ಸ್ವರಾಜ್ಯವೇ ಗುರಿ ಎಂದು ನಿರ್ಣಯಿಸಿತು, 1930ರ ಜನವರಿ 26ರಂದು ದೇಶದಾದ್ಯಂತ ಪ್ರತಿಜ್ಞೆ ಸ್ವೀಕರಿಸಲಾಯಿತು. ಯುದ್ಧ ಮುಗಿದ ಮೇಲೆ ಡೊಮಿನಿಯನ್ ಸ್ಥಾನ ಕೊಡುವುದಾಗಿ 1942ರಲ್ಲಿ ಬ್ರಿಟಿಷ್ ಮಂತ್ರಿ ಕ್ರಿಪ್ಸ್ ತಂದ ಪ್ರಸ್ತಾವವನ್ನೂ ಕಾಂಗ್ರೆಸ್ ತಿರಸ್ಕರಿಸಿತು. ಹೀಗೆ ಮತ್ತೆ ಮತ್ತೆ ನಿರಾಕರಿಸಿದ್ದನ್ನು ಅದೇ ನಾಯಕರು 1947ರ ಬೇಸಿಗೆಯಲ್ಲಿ ಒಪ್ಪಿಕೊಂಡದ್ದೇಕೆ?

ಉತ್ತರ ಆ ವರ್ಷದ ಪರಿಸ್ಥಿತಿಯಲ್ಲಿದೆ. 1948ರ ಜೂನ್ ಒಳಗೆ ಅಧಿಕಾರ ಬಿಟ್ಟುಕೊಡುವುದಾಗಿ ಬ್ರಿಟಿಷ್ ಪ್ರಧಾನಿ ಅಟ್ಲೀ ಫೆಬ್ರವರಿಯಲ್ಲಿ ಪ್ರಕಟಿಸಿದ್ದರು. ಪಂಜಾಬಿನಲ್ಲಿ ಹಿಂಸೆ ಹಬ್ಬುತ್ತಿತ್ತು, ವಿಭಜನೆ ಖಚಿತವಾಗುತ್ತಿತ್ತು. 1946ರ ಡಿಸೆಂಬರ್ 9ರಂದು ಮೊದಲ ಬಾರಿ ಸೇರಿದ್ದ ಸಂವಿಧಾನ ರಚನಾ ಸಭೆಯ ಕೆಲಸ ಇನ್ನೂ ಆರಂಭದ ಹಂತದಲ್ಲಿತ್ತು. ಹೊಸ ಸಂವಿಧಾನಕ್ಕಾಗಿ ಕಾದರೆ ಸ್ವಾತಂತ್ರ್ಯ ತಡವಾಗುತ್ತದೆ. ಸಂವಿಧಾನವೇ ಇಲ್ಲದೆ ಅಧಿಕಾರ ವಹಿಸಿಕೊಂಡರೆ ನ್ಯಾಯಾಲಯಗಳು, ತೆರಿಗೆ, ಪೊಲೀಸು, ರೈಲ್ವೆ ಯಾವ ಕಾನೂನಿನಡಿ ನಡೆಯಬೇಕೆಂಬ ಪ್ರಶ್ನೆ ಏಳುತ್ತದೆ. ಡೊಮಿನಿಯನ್ ಆದರೆ 1935ರ ಭಾರತ ಸರ್ಕಾರ ಕಾಯಿದೆಯನ್ನೇ ತಿದ್ದಿಕೊಂಡು ತಾತ್ಕಾಲಿಕ ಸಂವಿಧಾನವಾಗಿ ಬಳಸಬಹುದು, ಅಧಿಕಾರವನ್ನು ಕೂಡಲೇ ಪಡೆಯಬಹುದು ಎಂಬ ಆಲೋಚನೆಗೆ ರೂಪ ಕೊಟ್ಟವರಲ್ಲಿ ಹಿರಿಯ ಅಧಿಕಾರಿ ವಿ. ಪಿ. ಮೆನನ್ ಪ್ರಮುಖರು. ದೇಶವನ್ನು ಸ್ವತಂತ್ರ ಸಾರ್ವಭೌಮ ಗಣರಾಜ್ಯವಾಗಿಸುವ ಗುರಿಯನ್ನು ಸಭೆ ಜನವರಿಯಲ್ಲಿಯೇ ನಿರ್ಣಯಿಸಿತ್ತು. ಆದ್ದರಿಂದ ನಾಯಕರು ಡೊಮಿನಿಯನ್ ಸ್ಥಾನವನ್ನು ಒಪ್ಪಿದ್ದು ಗುರಿಯನ್ನು ಕೈಬಿಟ್ಟಲ್ಲ, ಅದನ್ನು ತಲುಪುವವರೆಗಿನ ಏರ್ಪಾಡೆಂದು ತಿಳಿದು.

1947ರ ಜುಲೈ 18ರಂದು ದೊರೆಯ ಅಂಕಿತ ಪಡೆದ ಭಾರತ ಸ್ವಾತಂತ್ರ್ಯ ಕಾಯಿದೆಯನ್ನು ಓದಿದರೆ ಈ ಏರ್ಪಾಡಿನ ಸ್ವರೂಪ ಸ್ಪಷ್ಟವಾಗುತ್ತದೆ. ಹೊಸ ಡೊಮಿನಿಯನ್ನಿನ ಶಾಸನಸಭೆ ಬ್ರಿಟನ್ನಿನ ಕಾನೂನಿಗೆ ವಿರುದ್ಧವಾದ ಕಾನೂನನ್ನೂ ಮಾಡಬಹುದಿತ್ತು. ಸ್ವಾತಂತ್ರ್ಯ ಕೊಟ್ಟ ಆ ಕಾಯಿದೆಯನ್ನೇ ರದ್ದುಮಾಡುವ ಅಧಿಕಾರವೂ ಅದಕ್ಕಿತ್ತು. ಇಲ್ಲಿನ ಕಾನೂನನ್ನು ಲಂಡನ್ನಿನಲ್ಲಿ ತಡೆಹಿಡಿಯುವ ಅವಕಾಶವನ್ನು ಕಾಯಿದೆ ಉಳಿಸಲಿಲ್ಲ. ಗವರ್ನರ್ ಜನರಲ್ ದೊರೆಯ ಪ್ರತಿನಿಧಿಯೇ ಆಗಿದ್ದರೂ ನಡೆಯಬೇಕಾದದ್ದು ಭಾರತೀಯ ಮಂತ್ರಿಮಂಡಲದ ಸಲಹೆಯಂತೆ. 1948ರ ಜೂನ್‌ನಲ್ಲಿ ಮೌಂಟ್‌ಬ್ಯಾಟನ್ ತೆರಳಿದ ಮೇಲೆ ಆ ಸ್ಥಾನಕ್ಕೆ ಬಂದ ಚಕ್ರವರ್ತಿ ರಾಜಗೋಪಾಲಾಚಾರಿ ಅವರು ಗಣರಾಜ್ಯ ಸ್ಥಾಪನೆಯಾಗುವವರೆಗೂ ಅಲ್ಲಿದ್ದರು. ಇದನ್ನೆಲ್ಲ ಗಮನಿಸಿದರೆ, ಡೊಮಿನಿಯನ್ ಭಾರತವನ್ನು ಅರೆ ಸ್ವತಂತ್ರ ದೇಶವೆಂದು ಕರೆಯುವವರ ವಾದ ನಿಲ್ಲುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹಳೆಯ ರೂಪ ಉಳಿದಿತ್ತು, ಅಧಿಕಾರ ಉಳಿದಿರಲಿಲ್ಲ.

ಆ ರೂಪದ ಗುರುತುಗಳಾದರೋ ಎಲ್ಲೆಡೆ ಕಾಣುತ್ತಿದ್ದವು. ರಾಷ್ಟ್ರಧ್ವಜವಿದ್ದ ಅಂಚೆಚೀಟಿ 1947ರ ನವೆಂಬರ್‌ನಲ್ಲಿಯೇ ಹೊರಬಂತು, ಆದರೆ ಅಶೋಕನ ಸಿಂಹಲಾಂಛನದ ಹೊಸ ನಾಣ್ಯಗಳು 1950ರಲ್ಲಿ ಬರುವವರೆಗೆ ಆರನೆಯ ಜಾರ್ಜ್ ದೊರೆಯ ಮುಖವಿದ್ದ ನಾಣ್ಯಗಳೇ ಚಲಾವಣೆಯಲ್ಲಿದ್ದವು. ಅಂತಿಮ ಮೇಲ್ಮನವಿಗಳು ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಗುವ ಪದ್ಧತಿ ಕೊನೆಗೊಂಡದ್ದು 1949ರ ಅಕ್ಟೋಬರ್‌ನಲ್ಲಿ. ಕೊಡಗಿನ ಕೆ. ಎಂ. ಕಾರ್ಯಪ್ಪನವರು ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡದ್ದು 1949ರ ಜನವರಿ 15ರಂದು. ಅಲ್ಲಿಯವರೆಗೆ ಆ ಹುದ್ದೆಯಲ್ಲಿ ಬ್ರಿಟಿಷ್ ಅಧಿಕಾರಿಗಳಿದ್ದರು. ನೌಕಾಪಡೆಯಲ್ಲಂತೂ ಈ ಬದಲಾವಣೆ 1958ರವರೆಗೆ ಕಾಯಬೇಕಾಯಿತು. ಕಾಶ್ಮೀರದಲ್ಲಿ ಭಾರತ ಮತ್ತು ಪಾಕಿಸ್ತಾನಗಳು ಕಾದಾಡುತ್ತಿದ್ದಾಗ ಎರಡು ದೇಶಗಳಿಗೂ ಕಾನೂನಿನ ಪ್ರಕಾರ ಒಬ್ಬನೇ ದೊರೆಯಿದ್ದನೆಂಬುದು ಈ ವ್ಯವಸ್ಥೆಯ ಅತಿ ವಿಚಿತ್ರವಾದ ಸಂಗತಿ.

ಸಂಸ್ಥಾನಗಳ ವಿಷಯದಲ್ಲಿ ಡೊಮಿನಿಯನ್ ಎಂಬ ಪದ ಕನ್ನಡಿಗರ ಬದುಕಿಗೆ ನೇರವಾಗಿ ತಾಗುತ್ತದೆ. ಬ್ರಿಟಿಷರು ಹೊರಟಾಗ ಸಂಸ್ಥಾನಗಳ ಮೇಲೆ ಅವರಿಗಿದ್ದ ಪರಮಾಧಿಕಾರ ಕೊನೆಗೊಂಡಿತೇ ಹೊರತು ಅದು ಹೊಸ ಸರ್ಕಾರಕ್ಕೆ ವರ್ಗವಾಗಲಿಲ್ಲ. ಆದ್ದರಿಂದ ಪ್ರತಿಯೊಬ್ಬ ಅರಸನೂ ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಎಂಬ ಮೂರು ವಿಷಯಗಳನ್ನು ಡೊಮಿನಿಯನ್ನಿಗೆ ಒಪ್ಪಿಸುವ ಸೇರ್ಪಡೆ ಪತ್ರಕ್ಕೆ ಸಹಿ ಮಾಡಬೇಕಿತ್ತು. ಜಯಚಾಮರಾಜ ಒಡೆಯರು 1947ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯಕ್ಕೆ ಮುನ್ನವೇ ಸಹಿ ಮಾಡಿದರು. ಆದರೆ ಆ ಪತ್ರ ಮೈಸೂರನ್ನು ಭಾರತಕ್ಕೆ ಸೇರಿಸಿತೇ ಹೊರತು ಮೈಸೂರಿನ ಪ್ರಜೆಗಳಿಗೆ ಅಧಿಕಾರ ಕೊಡಲಿಲ್ಲ. ಜವಾಬ್ದಾರಿ ಸರ್ಕಾರಕ್ಕಾಗಿ ಅವರು ಮೈಸೂರು ಚಲೋ ಚಳವಳಿ ನಡೆಸಿ, ಜೈಲು ಸೇರಿ, ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವನ್ನು ಪಡೆಯಬೇಕಾಯಿತು. ಹೈದರಾಬಾದಿನ ನಿಜಾಮರು ಸೇರ್ಪಡೆ ಪತ್ರಕ್ಕೆ ಸಹಿಯನ್ನೇ ಹಾಕಲಿಲ್ಲ. ಹೀಗಾಗಿ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಜನ ನಿಜಾಮರ ಪರವಾದ ಸಶಸ್ತ್ರ ಪಡೆ ರಜಾಕಾರರ ಹಾವಳಿಯನ್ನು ಸಹಿಸುತ್ತ, 1948ರ ಸೆಪ್ಟೆಂಬರ್‌ನಲ್ಲಿ ಭಾರತೀಯ ಸೇನೆ ಬರುವವರೆಗೆ ಡೊಮಿನಿಯನ್ನಿನ ಹೊರಗೇ ಉಳಿದರು. ಆಗಸ್ಟ್ 15ರ ಚರಿತ್ರೆಯನ್ನು ಹೇಳುವಾಗ ಈ ಜಿಲ್ಲೆಗಳ ಆ ಹದಿಮೂರು ತಿಂಗಳನ್ನು ಮರೆಯಬಾರದು.

ದೊರೆಯನ್ನು ಬಿಟ್ಟ ಮೇಲೂ ಬ್ರಿಟನ್ ಮತ್ತು ಅದರ ಹಿಂದಿನ ಸಾಮ್ರಾಜ್ಯದ ದೇಶಗಳ ಒಕ್ಕೂಟವಾದ ಕಾಮನ್‌ವೆಲ್ತ್‌ನಲ್ಲಿ ಉಳಿಯಬಹುದೇ ಎಂಬುದು ಕೊನೆಯಲ್ಲಿ ಎದುರಾದ ಪ್ರಶ್ನೆ. ಬರ್ಮಾ 1948ರ ಜನವರಿ 4ರಂದು ನೇರವಾಗಿ ಗಣರಾಜ್ಯವಾಗಿ ಹೊರನಡೆದಿತ್ತು. 1949ರ ಏಪ್ರಿಲ್‌ನ ಲಂಡನ್ ಘೋಷಣೆ ಭಾರತಕ್ಕೆ ಬೇರೆ ದಾರಿಯನ್ನು ತೆರೆಯಿತು: ದೊರೆ ಆ ಒಕ್ಕೂಟದ ಸಂಕೇತ ಮಾತ್ರ, ಭಾರತದ ಅರಸನಲ್ಲ.

ಸಂವಿಧಾನ ರಚನಾ ಸಭೆ 1949ರ ನವೆಂಬರ್ 26ರಂದು ಅಂಗೀಕರಿಸಿದ ಸಂವಿಧಾನವನ್ನು ಗವರ್ನರ್ ಜನರಲ್ ಅವರ ಅಂಕಿತಕ್ಕೆ ಕಳುಹಿಸಲಿಲ್ಲ. ಸಭೆಯ ಅಧ್ಯಕ್ಷ ರಾಜೇಂದ್ರ ಪ್ರಸಾದರ ಸಹಿಯೇ ಸಾಕಾಯಿತು. ಅದರ 395ನೆಯ ವಿಧಿ 1947ರ ಸ್ವಾತಂತ್ರ್ಯ ಕಾಯಿದೆಯನ್ನೂ 1935ರ ಕಾಯಿದೆಯನ್ನೂ ರದ್ದುಮಾಡಿತು. ಅಂಕಿತದ ಪ್ರಶ್ನೆ ಬರಿಯ ಔಪಚಾರಿಕವಲ್ಲವೆಂಬುದಕ್ಕೆ ಪಾಕಿಸ್ತಾನವೇ ಸಾಕ್ಷಿ. ಅಲ್ಲಿ ಏಳು ವರ್ಷ ಕಳೆದರೂ ಸಂವಿಧಾನ ಜಾರಿಗೆ ಬರಲಿಲ್ಲ, 1954ರ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಗುಲಾಂ ಮುಹಮ್ಮದ್ ಸಂವಿಧಾನ ಸಭೆಯನ್ನೇ ವಿಸರ್ಜಿಸಿದರು. ಸಭೆಯ ಅಧ್ಯಕ್ಷ ತಮೀಜುದ್ದೀನ್ ಖಾನ್ ಇದನ್ನು ಪ್ರಶ್ನಿಸಿ ಸಿಂಧ್‌ನ ನ್ಯಾಯಾಲಯದಲ್ಲಿ ಗೆದ್ದರು. ಆದರೆ ನ್ಯಾಯಾಲಯ ಯಾವ ತಿದ್ದುಪಡಿಯ ಬಲದಿಂದ ಅವರಿಗೆ ಪರಿಹಾರ ಕೊಟ್ಟಿತ್ತೋ ಅದಕ್ಕೆ ಗವರ್ನರ್ ಜನರಲ್ ಅವರ ಅಂಕಿತವಿರಲಿಲ್ಲ, ಆದ್ದರಿಂದ ಅದು ಕಾನೂನೇ ಅಲ್ಲ ಎಂದು ಫೆಡರಲ್ ಕೋರ್ಟ್ 1955ರಲ್ಲಿ ತೀರ್ಪಿತ್ತು, ವಿಸರ್ಜಿತ ಸಭೆ ಮತ್ತೆ ಸೇರಲೇ ಇಲ್ಲ.